ಬಣ್ಣದ ಪುಟದಲ್ಲಿ ಬಿಳಿ ಗೆರೆ ಏಕೆ?

ಪ್ರಶ್ನೆ: ನಮ್ಮದು ಟೈಪಿಂಗ್ ಅಂಗಡಿ. ದಿನಕ್ಕೆ 150 ಪುಟ ಕಪ್ಪು-ಬಿಳುಪು, ಬಣ್ಣದ್ದು ಅಪರೂಪ. ಇಂಕ್ ಟ್ಯಾಂಕ್ ಪ್ರಿಂಟರ್ ಬೇಸಿಗೆಯಲ್ಲಿ ಬಣ್ಣದ ಪುಟಕ್ಕೆ ಬಿಳಿ ಗೆರೆ ಬಿಡುತ್ತದೆ. ಹೊಸ ಪ್ರಿಂಟರ್, ಮಾನಿಟರ್ ಯಾವುದು ಕೊಳ್ಳಲಿ?
– ಓದುಗರು, ಜಮಖಂಡಿ

ಉತ್ತರ: ಬಳಸದ ಬಣ್ಣದ ನಾಜಲ್‌ಗಳಲ್ಲಿ (ಇಂಕ್ ಚಿಮ್ಮುವ ಸಣ್ಣ ತೂತುಗಳಲ್ಲಿ) ಇಂಕ್ ಒಣಗಿದೆ, ನಮ್ಮ ಕಡೆಯ ಒಣ ಬಿಸಿಲಿಗೆ ಇದು ಇನ್ನೂ ಬೇಗ. ಹಳೆಯದನ್ನು ಬಣ್ಣಕ್ಕೇ ಇಟ್ಟುಕೊಳ್ಳಿ, ವಾರಕ್ಕೊಮ್ಮೆ ಒಂದು ಬಣ್ಣದ ಪುಟ ತೆಗೆಯಿರಿ. ಪ್ರಿಂಟರ್ ಆಫ್ ಮಾಡುವಾಗ ಅದರದೇ ಬಟನ್ ಒತ್ತಿ. ಆಗ ನಾಜಲ್ ಇರುವ ಭಾಗ, ಅಂದರೆ ಹೆಡ್, ಪಕ್ಕಕ್ಕೆ ಸರಿದು ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಪ್ರಿಂಟಿನ ನಡುವೆ ಗೋಡೆಯ ಸ್ವಿಚ್ ಆರಿಸಿದರೆ ಹೆಡ್ ಬಯಲಲ್ಲೇ ಒಣಗುತ್ತದೆ. ಹೆಡ್ ಕ್ಲೀನಿಂಗ್ ಮೇಲಿಂದ ಮೇಲೆ ಬೇಡ, ಇಂಕ್ ಸುಮ್ಮನೆ ಹೋಗುತ್ತದೆ.

ದಿನದ ಕೆಲಸಕ್ಕೆ ಕಪ್ಪು-ಬಿಳುಪು ಲೇಸರ್ ಪ್ರಿಂಟರೇ ಸರಿ. ಟೋನರ್ ಪುಡಿಯಾದ್ದರಿಂದ ಒಣಗುವ ಮಾತೇ ಇಲ್ಲ. ಆದರೆ ಅದರ ಹೀಟರ್ ಒಮ್ಮೆಲೇ ಬಹಳ ಕರೆಂಟ್ ಎಳೆಯುತ್ತದೆ. 600 ವಿಎಯಂಥ ಸಣ್ಣ ಯುಪಿಎಸ್‌ಗೆ ದಯವಿಟ್ಟು ಜೋಡಿಸಬೇಡಿ, ಕಂಪ್ಯೂಟರೂ ಆರೀತು.

ಮಾನಿಟರ್ 24 ಇಂಚು, 1920×1080 ಚುಕ್ಕಿಗಳ ರೆಸಲ್ಯೂಷನ್, ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡದ ಪರದೆ) ಸಾಕು. ಇದೇ ರೆಸಲ್ಯೂಷನ್‌ನ 27 ಇಂಚಿನದರಲ್ಲಿ ಚುಕ್ಕಿಗಳು ದೊಡ್ಡವಾಗಿ, ‘ಷ್ಟ್ರ’ದಂಥ ಒತ್ತಕ್ಷರಗಳ ಅಂಚು ಒರಟಾಗಿ ಕಾಣುತ್ತದೆ.