ಯಂತ್ರಕ್ಕೆ ಅಡ್ವಾನ್ಸ್ ಕೊಡುವ ಮೊದಲು ಹಾಳೆ ಎಣಿಸಿ

ಪ್ರಶ್ನೆ: ನಾವು ಹೊಸನಗರ ತಾಲ್ಲೂಕಿನ ಸ್ವಸಹಾಯ ಸಂಘದ ಹತ್ತು ಮಹಿಳೆಯರು. ಅಡಿಕೆ ಹಾಳೆ ತಟ್ಟೆ ಘಟಕ ಹಾಕುವ ಆಸೆ. ಒಬ್ಬರು ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಟ್ಟಿದ್ದಾರೆ. ತಿಂಗಳಿಗೆ 1 ಲಕ್ಷ ತಟ್ಟೆ, ಅಮೆರಿಕಕ್ಕೆ ರಫ್ತು, ಆಹಾರ ಸಂಸ್ಕರಣೆ ಯೋಜನೆಯಲ್ಲಿ ಅರ್ಧ ಸಬ್ಸಿಡಿ ಅಂತ ಬರೆದಿದ್ದಾರೆ. ಜಿಲ್ಲೆಯ ಅಡಿಕೆ ವಿಸ್ತೀರ್ಣದ ಅಂಕಿಅಂಶ ಎಲ್ಲಿ ಸಿಗುತ್ತದೆ?

ಉತ್ತರ: ಅಕ್ಕಾ, ಈ ಪ್ರಶ್ನೆ ಎಷ್ಟನೇ ಸಲ ಬಂತೋ ನಾನು ಲೆಕ್ಕ ಬಿಟ್ಟಿದ್ದೇನೆ. ರಿಪೋರ್ಟೂ ಹೆಚ್ಚುಕಡಿಮೆ ಒಂದೇ. ಮೇಲಿನ ಪುಟದಲ್ಲಿ ಊರಿನ ಹೆಸರು ಮಾತ್ರ ಬೇರೆ ಇರುತ್ತದೆ. ನಿಮ್ಮದರ ಒಂಬತ್ತನೇ ಪುಟದಲ್ಲಿ ಇನ್ನೂ ಚನ್ನಗಿರಿ ಅಂತಲೇ ಉಳಿದಿದೆ, ನೋಡಿಕೊಳ್ಳಿ.

ಜಿಲ್ಲೆಯ ವಿಸ್ತೀರ್ಣ ತಗೊಂಡು ಏನು ಮಾಡ್ತೀರಿ? ತೋಟಗಾರಿಕೆ ಇಲಾಖೆಯಲ್ಲಿ ಕೇಳಿದರೆ ಕೊಡ್ತಾರೆ. ಆದರೆ ಶಿಕಾರಿಪುರದ ಹಾಳೆ ನಿಮ್ಮ ಅಂಗಳಕ್ಕೆ ಬಂದು ಬೀಳುವುದಿಲ್ಲ. ನಿಮಗೆ ಬೇಕಾದದ್ದು ಒಂದು ಲಗೇಜ್ ಆಟೋ ಬೆಳಿಗ್ಗೆ ಹೋಗಿ ಮಧ್ಯಾಹ್ನದೊಳಗೆ ತುಂಬಿಕೊಂಡು ಬರುವಷ್ಟು ದೂರದ ಲೆಕ್ಕ. ಅದು ಯಾವ ಇಲಾಖೆಯಲ್ಲೂ ಇಲ್ಲ. ನೀವೇ ಮಾಡಬೇಕು.

ಮೊದಲು ಕೂತಲ್ಲೇ ಆಗುವ ಲೆಕ್ಕ. ಒಂಬತ್ತು ಅಡಿಗೊಂದು ಮರ ಇದ್ದರೆ ಎಕರೆಗೆ ಸುಮಾರು 540 ಮರ. ಒಂದು ಮರ ವರ್ಷಕ್ಕೆ ಐದಾರು ಹಾಳೆ ಬೀಳಿಸುತ್ತದೆ. ಆರು ಅಂತಲೇ ಹಿಡಿಯಿರಿ. ಎಕರೆಗೆ ವರ್ಷಕ್ಕೆ 3,240 ಹಾಳೆ. ಒಂದು ಹಾಳೆಗೆ ಒಂದು ಊಟದ ತಟ್ಟೆ. ಪಕ್ಕದಲ್ಲಿ ಉಳಿದರೆ ಒಂದು ಸಣ್ಣ ಬಟ್ಟಲು, ಅಷ್ಟೇ. ತಿಂಗಳಿಗೆ 1 ಲಕ್ಷ ಅಂದರೆ ವರ್ಷಕ್ಕೆ 12 ಲಕ್ಷ ತಟ್ಟೆ. ಅದಕ್ಕೆ 370 ಎಕರೆ ತೋಟ ಬೇಕು. ಅದೂ ಬಿದ್ದ ಹಾಳೆ ಒಂದೂ ಬಿಡದೆ ನಿಮ್ಮ ಕೈಗೆ ಸಿಕ್ಕರೆ! ಸಿಗಲ್ಲ. ಮಳೆಗಾಲದ ಹಾಳೆ ಬೂಷ್ಟು ಹಿಡಿಯುತ್ತದೆ. ಕೆಲವು ಸೀಳಿರುತ್ತವೆ, ಕೆಲವು ಗೇಣಗಲವೂ ಇರುವುದಿಲ್ಲ. ಮರದ ಬುಡಕ್ಕೆ ಮುಚ್ಚಿಗೆ ಬೇಕು ಅಂತ ಕೊಡದ ತೋಟದವರೂ ಇದ್ದಾರೆ, ಅವರದ್ದು ತಪ್ಪೂ ಅಲ್ಲ. ಅರ್ಧ ಸಿಕ್ಕಿತು ಅಂದರೂ 740 ಎಕರೆ. ನಿಮ್ಮ ಸುತ್ತಮುತ್ತ ಅಷ್ಟು ತೋಟ ಇದೆಯಾ?

ಇದು ಪುಸ್ತಕದ ಲೆಕ್ಕ. ನಂಬಬೇಡಿ, ಪರೀಕ್ಷೆ ಮಾಡಿ. ಐದು ತೋಟ ಆರಿಸಿ. ಬರೀ ರಸ್ತೆ ಪಕ್ಕದ ಸೊಗಸಾದ ತೋಟ ಬೇಡ. ನೀರು ಕಡಿಮೆ ಇರುವುದು, ಹಳೇ ಮರದ್ದು, ಎಲೆಚುಕ್ಕಿ ರೋಗ ಹಿಡಿದದ್ದೂ ಅದರಲ್ಲಿರಲಿ. ಒಂದೊಂದರಲ್ಲೂ ಹತ್ತು ಮರಕ್ಕೆ ಸುಣ್ಣದ ಗುರುತು ಹಾಕಿ. ವಾರಕ್ಕೊಂದು ದಿನ ಹೋಗಿ ಬಿದ್ದದ್ದು ಎಷ್ಟು, ತಟ್ಟೆಗೆ ಆಗುವುದು ಎಷ್ಟು ಅಂತ ಎರಡು ಸಾಲಿನಲ್ಲಿ ಬರೆಯಿರಿ. ನೂರು ಪುಟದ ನೋಟ್‌ಬುಕ್ ಸಾಕು. ಬೇಸಿಗೆಯಲ್ಲಿ ಎರಡು ತಿಂಗಳು, ಮಳೆಯಲ್ಲಿ ಎರಡು ತಿಂಗಳು. ಬೇಸಿಗೆಯದ್ದನ್ನು ಆರರಿಂದ ಗುಣಿಸಿ ವರ್ಷದ ಲೆಕ್ಕ ಅನ್ನಬೇಡಿ. ಎಲ್ಲರೂ ಎಡವುವುದು ಅಲ್ಲೇ.

ಯಾರು ಆರಿಸುತ್ತಾರೆ ಅನ್ನುವುದನ್ನೂ ಬರೆದಿಡಿ. ಮಳೆ ನಿಂತು ಒಳ್ಳೇ ಹಾಳೆ ಸಿಗಲು ಶುರುವಾಗುವ ಹೊತ್ತಿಗೇ ಅಡಿಕೆ ಗೊನೆ ಕೊಯ್ಲು. ಆಗ ನಿಮ್ಮ ಹತ್ತು ಜನರಲ್ಲಿ ಎಷ್ಟು ಜನ ಅಡಿಕೆ ಸುಲಿಯಲು ಹೋಗ್ತೀರಿ? ಆ ಕೂಲಿ ಬಿಟ್ಟು ಹಾಳೆಗೆ ಬರ್ತೀರಾ? ರಿಪೋರ್ಟಿನಲ್ಲಿ ಈ ಪುಟವೇ ಇಲ್ಲ.

ಇನ್ನು ಗಿರಾಕಿ. ‘ತಟ್ಟೆ ಮಾಡಿದರೆ ತಗೋತೀರಾ?’ ಅಂತ ಯಾರನ್ನೂ ಕೇಳಬೇಡಿ. ಎಲ್ಲರೂ ಹೂಂ ಅನ್ನುತ್ತಾರೆ. ನಾನೇ ಒಮ್ಮೆ ಹಲಸಿನ ಹಪ್ಪಳಕ್ಕೆ ಹಾಗೆ ಮನೆಮನೆಗೆ ಹೋಗಿ ಕೇಳಿಸಿದ್ದೆ. ಎಲ್ಲರೂ ಬೇಕು ಬೇಕು ಅಂದರು. ಕೊನೆಗೆ ಹಪ್ಪಳ ನಮ್ಮ ಮನೆ ಅಟ್ಟದಲ್ಲೇ ಉಳಿಯಿತು. ಎರಡು ವರ್ಷ ಬಂದ ನೆಂಟರಿಗೆಲ್ಲ ಅದೇ. ಹೀಗೆ ಕೇಳಿ: ‘ಹೋದ ತಿಂಗಳು ಎಷ್ಟು ತಟ್ಟೆ ತಗೊಂಡಿರಿ, ಯಾರಿಂದ, ಏನು ರೇಟು, ಎಷ್ಟು ದಿನಕ್ಕೆ ದುಡ್ಡು ಕೊಟ್ಟಿರಿ?’ ಅಡುಗೆ ಕಂಟ್ರಾಕ್ಟರು, ಕಲ್ಯಾಣಮಂಟಪ, ಶಿವಮೊಗ್ಗದ ಸಗಟು ಅಂಗಡಿ, ಹೀಗೆ ಹದಿನೈದಿಪ್ಪತ್ತು ಕಡೆ. ಸಾಧ್ಯವಾದರೆ ಬಿಲ್ ನೋಡಿ.

ಅಮೆರಿಕದ ಮಾತು ಸದ್ಯಕ್ಕೆ ಮರೆತುಬಿಡಿ. ಅಡಿಕೆ ಹಾಳೆ ತಟ್ಟೆಯಲ್ಲಿ ಊಟ ಮಾಡುವುದು ಸುರಕ್ಷಿತ ಅಂತ ಒಪ್ಪಲಾಗದು, ಮಾರಬೇಡಿ ಅಂತ ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ 2025ರಲ್ಲೇ ಹೇಳಿದೆ. ಸಿಟ್ಟು ಬರುತ್ತದೆ, ನಿಜ. ಆದರೆ ನಮ್ಮ ಸಿಟ್ಟಿಗೆ ಆರ್ಡರ್ ಬರುವುದಿಲ್ಲ. ರಿಪೋರ್ಟ್ ಬರೆದವರಿಗೆ ಇಷ್ಟೂ ಗೊತ್ತಿಲ್ಲ ಅಂದರೆ ಉಳಿದ ಪುಟ ಹೇಗಿರಬೇಡ!

ಸಬ್ಸಿಡಿಯದ್ದೂ ಅದೇ ಕಥೆ. ಕಿರು ಆಹಾರ ಸಂಸ್ಕರಣೆ ಯೋಜನೆಯಲ್ಲಿ ಕರ್ನಾಟಕದಲ್ಲಿ ಅರ್ಧದಷ್ಟು, 15 ಲಕ್ಷದವರೆಗೆ ಸಹಾಯಧನ ಇರುವುದು ನಿಜ. ಆದರೆ ಅದು ತಿನ್ನುವ ಪದಾರ್ಥಕ್ಕೆ. ತಟ್ಟೆ ತಿನ್ನಲ್ಲ ಅಲ್ವಾ? ತಟ್ಟೆಗೆ ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆಯಲ್ಲಿ ಪ್ರಯತ್ನಿಸಿ. ಹಳ್ಳಿಯ ಮಹಿಳೆಯರಿಗೆ ಅಲ್ಲಿ 35 ಪರ್ಸೆಂಟ್ ಇದೆ. ನೋಟ್‌ಬುಕ್ ತುಂಬುವ ತನಕ ಯಂತ್ರದವರಿಗೆ ಒಂದು ರೂಪಾಯಿ ಅಡ್ವಾನ್ಸ್ ಕೊಡಬೇಡಿ. ನಾನು ಅತಿ ಹುಷಾರಿನವನು ಅಂತ ಬೈತಾರೆ. ಬೈಯಲಿ.

ಪ್ರಶ್ನೆ: ವಾಟ್ಸಾಪ್‌ನಲ್ಲಿ ಬಂದ ಶಿವಮೊಗ್ಗ ಮಾರುಕಟ್ಟೆಯ ಅಡಿಕೆ ರೇಟು ನನಗೆ ಯಾವತ್ತೂ ಸಿಗುವುದಿಲ್ಲ. ಮೋಸವೇ?

ಉತ್ತರ: ನೀವು ನೋಡಿದ್ದು ಗರಿಷ್ಠ ಬೆಲೆ. ಅವತ್ತು ಒಂದೇ ಲಾಟಿಗೆ ಸಿಕ್ಕಿದ್ದರೂ ಅದೇ ಗರಿಷ್ಠ. ಪಕ್ಕದ ಮಾದರಿ ಬೆಲೆ ನೋಡಿ, ಹೆಚ್ಚು ವ್ಯಾಪಾರ ಆಗಿರುವುದು ಅದರಲ್ಲಿ. ಮತ್ತೆ ಸರಕಿನ, ಅಂದರೆ ಮೇಲ್ದರ್ಜೆ ಅಡಿಕೆಯ, ರೇಟು ನೋಡಿಕೊಂಡು ಕೆಳದರ್ಜೆಯ ಗೊರಬಲು ತಂದರೆ ಯಾರೇನು ಮಾಡಲಿ?

ಪ್ರಶ್ನೆ: ಮುಂದಿನ ವರ್ಷ ಅಡಿಕೆ ರೇಟು ಎಷ್ಟಾಗುತ್ತದೆ?

ಉತ್ತರ: ಗೊತ್ತಿಲ್ಲ. ಗೊತ್ತು ಅಂತ ತಿಂಗಳಿಗೆ ಚಂದಾ ವಸೂಲಿ ಮಾಡುವವರಿಗೂ ಗೊತ್ತಿಲ್ಲ.

ಪ್ರಶ್ನೆ: ಸರ್ಕಾರದ ಬೆಳೆ ಸಮೀಕ್ಷೆಯಲ್ಲಿ ನಮ್ಮ ಅಡಿಕೆ ತೋಟ ಭತ್ತ ಅಂತ ದಾಖಲಾಗಿದೆ. ಸುಮ್ನೆ ಬಿಟ್ಟರೆ ತೊಂದರೆ ಇದೆಯಾ?

ಉತ್ತರ: ಇದೆ. ವಿಮೆ, ಪರಿಹಾರ ಕೊಡುವಾಗ ಅದನ್ನೇ ನೋಡುತ್ತಾರೆ. ‘ಬೆಳೆ ದರ್ಶಕ್’ ಆಪ್‌ನಲ್ಲಿ ಫೋಟೋ ನೋಡಿ, ಅಲ್ಲೇ ಆಕ್ಷೇಪಣೆ ಹಾಕಿ. ಇವತ್ತೇ ಹಾಕಿ.