ಸಯಾಮೀಸ್ ಬೆಕ್ಕಿನ ಮರಿ ತರುವ ಮುಂಚೆ: ದಾವಣಗೆರೆ ಮೇಡಂಗೆ ಉತ್ತರ

ಮೇಡಂ, ನೀವು ಕೇಳಿದ್ದು ಮೂರು. ಒಂದು ತಿಂಗಳ ಬಿಳಿ ಮರಿ, ನೀಲಿ ಕಣ್ಣು, ಸಯಾಮೀಸ್ ಅಂತ ಹೇಳಿ ಮಾರುತ್ತಿದ್ದಾರೆ, ನಂಬಬಹುದಾ? ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಆಗುತ್ತದಾ? ಮನೆಯಲ್ಲಿ ಮಾಂಸ ತರುವುದಿಲ್ಲ, ಹಾಲು ಅನ್ನ ಸಾಕಾ? ನಾನು ಚಿತ್ರದುರ್ಗದಲ್ಲಿ ಆರು ವರ್ಷದಿಂದ ಒಂದು ಹೆಣ್ಣು ಸಯಾಮೀಸ್ ಸಾಕುತ್ತಿದ್ದೇನೆ. ಕಂಡಿದ್ದನ್ನು ಹೇಳುತ್ತೇನೆ.

ನೀಲಿ ಕಣ್ಣು ನೋಡಿ ದುಡ್ಡು ಕೊಡಬೇಡಿ. ಆ ವಯಸ್ಸಿನಲ್ಲಿ ಬೀದಿ ಬೆಕ್ಕಿನ ಮರಿಗೂ ಕಣ್ಣು ನೀಲಿಯೇ. ಆರೇಳು ವಾರ ಆದ ಮೇಲೆ ಹಸಿರಿಗೋ ಹಳದಿಗೋ ತಿರುಗುತ್ತದೆ. ಸಯಾಮೀಸ್ ಕಣ್ಣು ಮಾತ್ರ ಕೊನೆ ತನಕ ನೀಲಿ. ಮರಿ ಹುಟ್ಟುವಾಗ ಬೆಳ್ಳಗಿರುತ್ತದೆ ಅನ್ನುವುದು ನಿಜ. ಆದರೆ ತಿಂಗಳಾಗುವಷ್ಟರಲ್ಲಿ ಕಿವಿಯ ಅಂಚು, ಮೂಗು, ಬಾಲಕ್ಕೆ ಹಂಚಿನ ಮಸಿ ತಾಗಿದ ಹಾಗೆ ಕಾಣಲು ಶುರುವಾಗಬೇಕು. ತಿಳಿ ಬಣ್ಣದ ಜಾತಿಗೆ ಸ್ವಲ್ಪ ತಡ. ಹೇಗೂ ಎರಡು ತಿಂಗಳಾಗದೆ ತಾಯಿಯಿಂದ ಬಿಡಿಸಬಾರದು, ಹಾಗಾಗಿ ಕಾಯುವುದರಿಂದ ನಿಮಗೇನೂ ನಷ್ಟವಿಲ್ಲ. ಕೂದಲು ಗಿಡ್ಡ, ಮೈಗೆ ಅಂಟಿಕೊಂಡಂತೆ ಇರಬೇಕು. ಪುಸುಪುಸು ಉದ್ದ ಕೂದಲಿದ್ದರೆ ಪರ್ಶಿಯನ್ ಬೆರಕೆ ಇರಬಹುದು.

ಆ ಕಪ್ಪು ಬರುವುದೇ ಒಂದು ತಮಾಷೆ. ಇವುಗಳ ಮೈಯಲ್ಲಿ ಬಣ್ಣ ಮಾಡುವ ಕಿಣ್ವ ಬಿಸಿ ಇದ್ದಲ್ಲಿ ಕೆಲಸ ಮಾಡುವುದಿಲ್ಲ, ತಂಪು ಇದ್ದಲ್ಲಿ ಮಾಡುತ್ತದೆ. ತಾಯಿಯ ಹೊಟ್ಟೆ ಬೆಚ್ಚಗೆ, ಅದಕ್ಕೇ ಮರಿ ಬಿಳಿ. ಕಿವಿ, ಮುಖ, ಪಾದ, ಬಾಲ ಮೈಗಿಂತ ತಂಪು, ಅಲ್ಲಿ ಕಪ್ಪು. ನಮ್ಮವಳಿಗೆ ಡಿಸೆಂಬರ್ ಚಳಿಯಲ್ಲಿ ಮರಿಯಾಗದ ಹಾಗೆ ಆಪರೇಷನ್ ಮಾಡಿಸಿದಾಗ ಪಕ್ಕೆಯ ಕೂದಲು ಬೋಳಿಸಿದ್ದರು. ಅಲ್ಲಿ ಕಂದು ಬಣ್ಣದ ಕೂದಲು ಬಂತು! ಗಾಬರಿಯಾಗಿ ಡಾಕ್ಟರ ಹತ್ತಿರ ಓಡಿದೆ, ಅವರು ನಕ್ಕರು. ಮುಂದಿನ ಸಲ ಕೂದಲು ಉದುರಿ ಬಂದಾಗ ಮೊದಲಿನಂತೆ ಆಯಿತು.

ಈಗ ಗುಣ. ನೀವು ಯೋಚಿಸಬೇಕಾದ್ದು ಇದನ್ನೇ, ಬಣ್ಣವನ್ನಲ್ಲ. ಇದು ಮಾತಾಡುವ ಬೆಕ್ಕು. ಸುಮ್ನೆ ಮಿಯಾಂವ್ ಅಲ್ಲ, ಎಳೆ ಮಗು ಅತ್ತ ಹಾಗೆ ಒರಟು ದನಿ. ಶುರುವಿನಲ್ಲಿ ಪಕ್ಕದ ಮನೆಯ ಅಜ್ಜಿ "ನಿಮ್ಮನೆಗೆ ಬಾಣಂತಿ ಬಂದಿದ್ದಾಳಾ?" ಅಂತ ಕೇಳಿದ್ದರು. ನಾನು ಗೇಟು ತೆಗೆದರೆ ಸಾಕು, ದಿನದ ವರದಿ ಶುರು. ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ಕೂತು ಕೂಗುತ್ತಾಳೆ. ಕಾಗದದ ಉಂಡೆ ಎಸೆದರೆ ನಾಯಿ ಥರ ಬಾಯಲ್ಲಿ ಹಿಡಿದು ತರುತ್ತಾಳೆ. ಬೀರುವಿನ ಬಾಗಿಲು ತೆಗೆಯುವುದು ನಾವು ಕಲಿಸಿದ್ದಲ್ಲ.

ಇಷ್ಟು ಅಂಟಿಕೊಳ್ಳುವ ಪ್ರಾಣಿಗೆ ಒಂಟಿತನ ತಡೆಯಲು ಆಗುವುದಿಲ್ಲ. ಮೊದಲ ವರ್ಷ ನಾವೂ ಇಡೀ ದಿನ ಬಿಟ್ಟು ಹೋಗುತ್ತಿದ್ದೆವು. ಚಳ್ಳಕೆರೆಯಿಂದ ಮಾವ ತಂದುಕೊಟ್ಟ ಕಂಬಳಿಯ ಮೂಲೆಯನ್ನು ಚೀಪಿ ಚೀಪಿ ತೂತು ಮಾಡಿದ್ದಳು. ಉಣ್ಣೆ ಚೀಪುವ ಚಟ ಈ ಜಾತಿಗೆ ಜಾಸ್ತಿ. ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತದೆ, ಹುಷಾರು. ಕೊನೆಗೆ ಬೀದಿಯಿಂದ ಒಂದು ನಾಟಿ ಮರಿ ಜೊತೆಗೆ ತಂದೆವು. ಕಂಬಳಿ ಉಳಿಯಿತು. ನಿಮಗೂ ನಾನು ಹೇಳುವುದು ಅದೇ: ತಂದರೆ ಎರಡು ತನ್ನಿ, ಇಲ್ಲವಾದರೆ ಬೇಡ.

ಹಾಲು ಅನ್ನ ಸಾಲದು. ಬೆಕ್ಕು ಮಾಂಸ ತಿಂದೇ ಬದುಕುವ ಪ್ರಾಣಿ. ಟಾರಿನ್ ಎಂಬ ಅಂಶ ಸಿಗದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ದೊಡ್ಡ ಬೆಕ್ಕಿಗೆ ಹಾಲು ಕೊಟ್ಟರೆ ಎಷ್ಟೋ ಸಲ ಭೇದಿ. ಅಡುಗೆಮನೆಗೆ ಮಾಂಸ ಬರಬಾರದು ಅಂದರೆ ಬೆಕ್ಕಿನದ್ದೇ ಪ್ಯಾಕೆಟ್ ಆಹಾರ ಹಾಕಿ, ಆದರೆ ಅದರಲ್ಲೂ ಇರುವುದು ಕೋಳಿ, ಮೀನೇ. ಅತ್ತೆ ಮಾವ ಇದ್ದರೆ ಮೊದಲೇ ಹೇಳಿಬಿಡಿ. ನಾಯಿಯ ಆಹಾರ ಬೇಡ. ಜ್ವರ ಅಂತ ಪ್ಯಾರಾಸಿಟಮಾಲ್ ಎಂದೂ ಕೊಡಬೇಡಿ, ಒಂದೇ ಮಾತ್ರೆ ಪ್ರಾಣ ತೆಗೆಯಬಹುದು.

ಲಸಿಕೆ ಎರಡು ತಿಂಗಳಿಗೆ ಶುರು, ಮೂರಕ್ಕೆ ರೇಬಿಸ್. ಐದಾರು ತಿಂಗಳಿಗೆ ಆಪರೇಷನ್ ಮಾಡಿಸಿ. ಬೆದೆಗೆ ಬಂದ ಸಯಾಮೀಸ್ ರಾತ್ರಿಯಿಡೀ ಕೂಗಿದರೆ ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರೂ ಮಲಗುವುದಿಲ್ಲ.

ಮರಿಗೆ ಎರಡು ತಿಂಗಳು ತುಂಬಿದ ಮೇಲೆ ಹಗಲು ಬೆಳಕಿನಲ್ಲಿ ಕಿವಿ, ಬಾಲ ಕಾಣುವ ಹಾಗೆ ಒಂದು ಫೋಟೊ ಇಲ್ಲಿ ಹಾಕಿ, ತಾಯಿ ಬೆಕ್ಕಿನದ್ದೂ ಸಿಕ್ಕರೆ ಇನ್ನೂ ಒಳ್ಳೆಯದು. ನೋಡಿ ಹೇಳುತ್ತೇನೆ.