ಕೋಡ್ ಪುಸ್ತಕ ಪುಕ್ಕಟೆ ಸಿಗಬೇಕೇ? ಮೊದಲು ನಿಮ್ಮ ಪಿಡಿಎಫ್‌ನ ಇಸವಿ ನೋಡಿ

ಡಿಪ್ಲೊಮಾ ಮುಗಿಸಿ ಸೈಟಿಗೆ ಸೇರಿದ್ದೇನೆ, ಕೋಡ್ (ಕಟ್ಟಡ ಕಟ್ಟುವ ನಿಯಮಗಳ ಪುಸ್ತಕ) ಕೊಳ್ಳಲು ದುಡ್ಡಿಲ್ಲ, ವಾಟ್ಸಾಪಿನಲ್ಲಿ ಬಂದ ಪಿಡಿಎಫ್ ಇದೆ, ಇದನ್ನೆಲ್ಲ ಸರ್ಕಾರವೇ ಉಚಿತವಾಗಿ ಕೊಡಬೇಡವೇ ಎಂದು ಕೇಳಿದ್ದೀರಿ. ನನ್ನ ಹತ್ತಿರ ಇದ್ದದ್ದು ಪಿಡಿಎಫ್ ಅಲ್ಲ, ಜೆರಾಕ್ಸ್. ವ್ಯತ್ಯಾಸ ಅಷ್ಟೇ.

2003, ಉಡುಪಿ ಕಡೆ, ಕಡಲಿಗೆ ಮುಖ ಮಾಡಿದ ಎರಡಂತಸ್ತಿನ ಮನೆ, ವಿನ್ಯಾಸ ನನ್ನದು. ಜೆರಾಕ್ಸ್ ಕಾಂಕ್ರೀಟ್ ಕಟ್ಟಡಗಳ ಕೋಡ್ ಆದ ಐಎಸ್ 456ರದ್ದು, ಆದರೆ 1978ರ ಆವೃತ್ತಿ. ಮೊದಲ ಪುಟವೇ ಇರಲಿಲ್ಲವಾದ್ದರಿಂದ ಇಸವಿ ಗೊತ್ತಾಗಲಿಲ್ಲ. 2000ದಲ್ಲೇ ಹೊಸದು ಬಂದಾಗಿತ್ತು.

ಹಳೆಯದರಲ್ಲಿ ಬೀಮಿನ ಕವರ್, ಅಂದರೆ ಕಬ್ಬಿಣವನ್ನು ಮುಚ್ಚುವ ಕಾಂಕ್ರೀಟಿನ ದಪ್ಪ, 25 ಮಿ.ಮೀ., ಅದೂ ಉದ್ದದ ಮುಖ್ಯ ಸರಳಿಗೆ. ಹೊಸದರಲ್ಲಿ ಕವರ್ ಅಂದರೆ ಸರಳುಗಳನ್ನು ಸುತ್ತಿ ಕಟ್ಟುವ ರಿಂಗೂ ಸೇರಿ ಎಲ್ಲ ಕಬ್ಬಿಣದ ಹೊರಗೆ ಉಳಿಯುವ ಕಾಂಕ್ರೀಟು. ಎಷ್ಟು ಮಿ.ಮೀ. ಎಂಬುದು ವಾತಾವರಣ ಎಷ್ಟು ಕಠಿಣ ಎಂಬುದರ ಮೇಲೆ: ಮೈಲ್ಡ್‌ಗೆ 20, ಮಾಡರೇಟ್‌ಗೆ 30, ಸಿವಿಯರ್‌ಗೆ 45, ಇನ್ನೂ ಕಠಿಣವಾದವಕ್ಕೆ 50, 75. ಕಡಲ ಗಾಳಿಗೆ ನೇರ ಒಡ್ಡಿಕೊಂಡದ್ದು ಸಿವಿಯರ್. ಹಳೆಯದರಲ್ಲೂ ಉಪ್ಪುಗಾಳಿ ಇದ್ದಲ್ಲಿ ಕವರ್ ಹೆಚ್ಚಿಸುವ ಮಾತಿತ್ತು. ಅದು ನನ್ನ ಕಣ್ಣಿಗೆ ಬೀಳಲಿಲ್ಲ.

ಲೆಕ್ಕ ಹಾಕಿ. ಮುಖ್ಯ ಸರಳಿಗೆ 25 ಬಿಟ್ಟೆ, ಅದರ ಹೊರಗೆ 8 ಮಿ.ಮೀ. ರಿಂಗು. ರಿಂಗಿಗೆ ಉಳಿದದ್ದು 17. ಬೇಕಿದ್ದದ್ದು 45. ಹಾಕಿದ ಕಾಂಕ್ರೀಟು ಎಂ 20 (ಸಂಖ್ಯೆ ಹೆಚ್ಚಿದಷ್ಟೂ ಬಲ ಹೆಚ್ಚು). ಬೇಕಿದ್ದದ್ದು ಎಂ 30, ನೀರು-ಸಿಮೆಂಟ್ ಅನುಪಾತ 0.45 ಮೀರದಂತೆ, ಘನಮೀಟರಿಗೆ ಕನಿಷ್ಠ 320 ಕೆ.ಜಿ. ಸಿಮೆಂಟು. ಏಳನೇ ಮಳೆಗಾಲದ ಹೊತ್ತಿಗೆ ಬೀಮಿನ ಅಡಿಯಲ್ಲಿ 150 ಮಿ.ಮೀ.ಗೊಂದು ಅಡ್ಡ ಬಿರುಕು, ರಿಂಗು ಕಟ್ಟಿದ ಅಂತರಕ್ಕೆ ಸರಿಯಾಗಿ. ತುಕ್ಕು ಉಬ್ಬಿ ಕಾಂಕ್ರೀಟನ್ನು ಒಳಗಿಂದ ಒಡೆಯುತ್ತಿತ್ತು. ಮನೆಯವರು ಮೇಲಿಂದ ಪ್ಲಾಸ್ಟರ್ ಬಳಿಸಿದ್ದರು, ಅದು ಬಿರುಕನ್ನು ಎರಡು ವರ್ಷ ಮುಚ್ಚಿಟ್ಟಿತು, ಅಷ್ಟೇ. ಕೊನೆಗೆ ಜಾಕಿ ಕೊಟ್ಟು, ಸರಳಿನ ಹಿಂದಿನವರೆಗೂ ಕೆತ್ತಿ, ತುಕ್ಕು ಉಜ್ಜಿ, ತಿಂದುಹೋದ ರಿಂಗು ಬದಲಿಸಿ, ಮೈಕ್ರೋ ಕಾಂಕ್ರೀಟ್ ತುಂಬಿದ್ದಾಯಿತು. ಖರ್ಚು ನನ್ನ ತಲೆಗೆ.

ಸೈಟಿನಲ್ಲೇ ಸರಳಿನಡಿ ಇಡುವ ಕವರ್ ಬ್ಲಾಕ್ ದಪ್ಪ ಮಾಡಿದ್ದರೆ ಆಗುತ್ತಿತ್ತಲ್ಲ ಅನ್ನಬೇಡಿ. 450 ಆಳದ ಬೀಮು, 16ರ ಸರಳು: ಹಳೆಯ ಲೆಕ್ಕಕ್ಕೆ ಎಫೆಕ್ಟಿವ್ ಡೆಪ್ತ್ (ಬೀಮಿನ ಮೇಲ್ಮೈಯಿಂದ ಸರಳಿನ ನಡುವಿನವರೆಗಿನ ಆಳ) 417, ಹೊಸದಕ್ಕೆ 389. 28 ಮಿ.ಮೀ. ಹೋಯಿತು, ಜೊತೆಗೆ ಬೀಮಿನ ಬಲವೂ. ಆಳವನ್ನೋ ಕಬ್ಬಿಣವನ್ನೋ ಹೆಚ್ಚಿಸಬೇಕು, ಅದು ಡ್ರಾಯಿಂಗಿನಲ್ಲೇ ಆಗುವ ಕೆಲಸ.

ಈಗ ನಿಮ್ಮ ಪ್ರಶ್ನೆ. ಪಾಲಿಸದಿದ್ದರೆ ತಪ್ಪು ಎನ್ನುವ ನಿಯಮವನ್ನು ಮಾರುವುದೇ ಸರಿಯಲ್ಲ, ನನಗೆ ಇದರಲ್ಲಿ ಎರಡು ಮಾತಿಲ್ಲ. ಒಂದು ಕೋಡ್ ಕೊಂಡರೂ ಮುಗಿಯುವುದಿಲ್ಲ: ಭಾರಕ್ಕೆ ಐಎಸ್ 875, ಕಾಂಕ್ರೀಟಿನ ಮಿಶ್ರಣಕ್ಕೆ 10262, ಭೂಕಂಪಕ್ಕೆ 1893, ಭೂಕಂಪ ತಾಳುವಂತೆ ರಿಂಗು ಕಟ್ಟುವುದಕ್ಕೆ 13920. ಸಾರ್ವಜನಿಕ ದಾಖಲೆಗಳು ಎಲ್ಲರಿಗೂ ಸಿಗಲೆಂದು ಹೋರಾಡುವ ಅಮೆರಿಕದ ಕಾರ್ಲ್ ಮಲಮೂದ್ ಇವನ್ನೆಲ್ಲ ಅಂತರ್ಜಾಲಕ್ಕೆ ಹಾಕಿದರು, ಉಚಿತವಾಗಿ ಸಿಗಬೇಕೆಂದು 2015ರಲ್ಲಿ ದೆಹಲಿ ಹೈಕೋರ್ಟಿಗೂ ಹೋದರು. ಆದರೆ ನೀವು ಕೇಳುತ್ತಿರುವುದು ಹಳೆಯ ಜಗಳ. ಈ ಕೋಡ್ ಹೊರಡಿಸುವ ಸರ್ಕಾರಿ ಸಂಸ್ಥೆ ಬಿಐಎಸ್ ಈಗ ತನ್ನದೇ ಕೋಡ್‌ಗಳನ್ನು ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟಿದೆ, ಹೆಸರು ನೋಂದಾಯಿಸಿದರೆ ಸಾಕು. ಐಎಸ್‌ಒ, ಐಇಸಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಗಳಿಂದ ಎತ್ತಿಕೊಂಡಂಥವಕ್ಕೆ ದುಡ್ಡು. ಹೀಗಿದ್ದೂ ವಾಟ್ಸಾಪ್ ಪಿಡಿಎಫ್ ಇಟ್ಟುಕೊಂಡರೆ ಅದು ಬಡತನವಲ್ಲ, ಸೋಮಾರಿತನ.

ಇವತ್ತೇ ಅದನ್ನು ಅಳಿಸಿ. ಬಿಐಎಸ್ ತಾಣದಲ್ಲಿ ಸಂಖ್ಯೆ ಹುಡುಕಿ, ಚಾಲ್ತಿಯ ಇಸವಿ ನೋಡಿ, ತಿದ್ದುಪಡಿಗಳನ್ನು ಬೇರೆಯಾಗಿ ಇಳಿಸಿ ಆಯಾ ಷರತ್ತಿನ ಪಕ್ಕ ಪೆನ್ಸಿಲಿನಲ್ಲಿ ಗುರುತು ಹಾಕಿ. ಡ್ರಾಯಿಂಗಿನಲ್ಲಿ ಬರೀ ‘ಕವರ್ 45’ ಅಲ್ಲ, ‘ರಿಂಗಿನ ಹೊರಮೈಯಿಂದ 45’ ಎಂದು ಕನ್ನಡದಲ್ಲೇ ಬರೆಯಿರಿ. ಕಬ್ಬಿಣ ಕಟ್ಟುವ ಬಾರ್ ಬೆಂಡರ್ ಓದುವುದು ಅದನ್ನು, ಕೋಡನ್ನಲ್ಲ. ಕವರ್ ಹೆಚ್ಚಾದರೆ 10 ಮಿ.ಮೀ.ವರೆಗೆ ನಡೆಯುತ್ತದೆ, ಕಡಿಮೆಯಾದರೆ ಒಂದು ಮಿ.ಮೀ. ಕೂಡ ನಡೆಯದು. ಸರಳಿನಡಿ ಕವರ್ ಬ್ಲಾಕಿನ ಬದಲು ಜಲ್ಲಿ ಚೂರು ಇಡುವವರನ್ನು ಕಂಡರೆ ಕಾಂಕ್ರೀಟು ಬೀಳುವ ಮೊದಲೇ ತೆಗೆಸಿ.